ಹತ್ತೊಂಬತ್ತು ಮನೆಗಳ ಪರವಾಗಿ

ಮೇ ೬, ಮನೆಯಲ್ಲಿ

ಈ ಪುಸ್ತಕದ ಮೊದಲರ್ಧದಲ್ಲಿ ಬರೀ ನಮ್ಮ ಅಂಗಡಿಯ ಚಾಪೆಗಳ ಅಳತೆಗಳಿವೆ, ಯಾವ ಕೋಣೆಯ ನೆಲ ತುಂಬಲು ಎಷ್ಟು ಎಂದು. ಉಳಿದ ಹಾಳೆಗಳಲ್ಲಿ ದಾರಿಯ ವಿಷಯ ಬರೆದಿಡೋಣ ಎಂದುಕೊಂಡಿದ್ದೇನೆ. ಓದುವವರು ಯಾರೂ ಇಲ್ಲ. ಅಕ್ಷರ ದುಂಡಗಿರಬೇಕೆಂದೇನೂ ಇಲ್ಲ.

ಚೀಟಿ ಎತ್ತಿದಾಗ ಈ ಸಲ ನನ್ನ ಹೆಸರು ಬಂತು. ಕೂಟದ ಹತ್ತೊಂಬತ್ತು ಮನೆಗಳ ಪರವಾಗಿ ವರ್ಷಕ್ಕೊಬ್ಬ ಕಾಲ್ನಡಿಗೆಯಲ್ಲಿ ಚಿಚಿಬು ಬೆಟ್ಟ ಹತ್ತಿ, ತೋಳದ ಗುಡಿಯಿಂದ ರಕ್ಷೆ ತರಬೇಕು. ಬೆಂಕಿ, ಕಳ್ಳಕಾಕರು, ಕಾಡುಹಂದಿಗಳಿಂದ ಊರು ಕಾಯಲು ತೋಳವನ್ನು ಒಂದು ವರ್ಷದ ಮಟ್ಟಿಗೆ ಎರವಲು ತರುವುದು ಇದರ ಅರ್ಥ. ಹಳೆಯ ರಕ್ಷೆಯನ್ನು ಮರದ ಪೆಟ್ಟಿಗೆಯಲ್ಲಿ ಹೊತ್ತೊಯ್ದು ಒಪ್ಪಿಸಿ, ಅದೇ ಪೆಟ್ಟಿಗೆಯಲ್ಲಿ ಹೊಸದನ್ನು ತರಬೇಕು. ಬರುವಾಗಲೂ ನಡೆದೇ ಬರಬೇಕು. ಕಾರಿನಲ್ಲಿ ಬಂದರೆ ತೋಳ ಹಿಂದೆ ಬಿದ್ದುಬಿಡುತ್ತದಂತೆ.

ಸಂಜೆ ಕೂಟದ ಹಿರಿಯರಾದ ಹೊಸೊಯಾ ಬಂದು ಪೆಟ್ಟಿಗೆಯನ್ನೂ ಹೆಸರುಗಳ ಪಟ್ಟಿಯನ್ನೂ ಒಪ್ಪಿಸಿದರು. ಚಹಾ ಕುಡಿಯುತ್ತಾ ಹೇಳಿದರು: “ನೋಡು ಸೆಯಿಕಿಚಿ, ಎಂಟು ಮನೆಯವ್ರು ಆಗಲೇ ಇದೆಲ್ಲ ಸಾಕು ಅಂತ ರಾಗ ತೆಗೀತಿದಾರೆ. ಈ ವರ್ಷ ಏನಾದ್ರೂ ತಪ್ಪಿತು ಅಂದ್ರೆ ಕೂಟ ಮುಚ್ಚಿಬಿಡೋಣ ಅಂತಾರೆ. ನನ್ನ ಕೈಲಿ ತಡೆಯೋಕಾಗಲ್ಲ.”

“ತಪ್ಪಲ್ಲ” ಅಂದೆ.

“ಮನೇಲಿ ಯಾರಿಗಾದ್ರೂ ಹುಷಾರಿಲ್ಲ ಗಿಷಾರಿಲ್ಲ ಅಂತ ಇದೆಯೋ? ದಾರೀಲಿ ಸೂತಕ ಬಂದ್ರೆ ಗುಡಿ ಹೆಬ್ಬಾಗಿಲಿನ ಕಂಬ ದಾಟಿ ಒಳಗೆ ಕಾಲಿಡೋ ಹಾಗಿಲ್ಲ. ಇದ್ರೆ ಈಗಲೇ ಹೇಳು, ಬೇರೆಯವ್ರನ್ನ ಕಳಿಸ್ತೀನಿ.”

“ನಮ್ಮ ಮನೇಲಿ ಎಲ್ಲರೂ ಗುಂಡುಕಲ್ಲಿನ ಹಾಗಿದಾರೆ” ಅಂದೆ. ಹೆಂಡತಿ ಹರುನೊ ಚಹಾದ ಬಟ್ಟಲು ತೆಗೆಯುತ್ತಿದ್ದವಳು ನನ್ನನ್ನೇ ನೋಡಿದಳು.

ಹೊಸೊಯಾ ಹೋದ ಮೇಲೆ ಶುರುವಾಯಿತು. “ಭಾವನವ್ರನ್ನ ಬೇರೆ ರೂಮಿಗೆ ಹಾಕಿದಾರಂತೆ. ಒಬ್ಬರೇ ಇರೋ ರೂಮು. ನಿಮ್ಮ ಅತ್ತಿಗೆ, ತಾಮಿ ಅಕ್ಕ, ಫೋನ್ ಮಾಡಿದ್ರು.”

“ನನಗೇಕೆ ಹೇಳ್ತೀಯ?”

“ನಿಮ್ಮ ಸ್ವಂತ ಅಣ್ಣ ಕಣ್ರೀ. ಹೋಗೋಕೆ ಮುಂಚೆ ಆಸ್ಪತ್ರೆಗೊಂದು ಸಲ ಹೋಗಿ ಮುಖ ತೋರ್ಸಿ ಬನ್ನಿ.”

“ಬೆಳಿಗ್ಗೆ ಐದಕ್ಕೆ ಹೊರಡಬೇಕು” ಅಂದೆ. ಅದು ಸುಳ್ಳಲ್ಲ.

ಪಟ್ಟಿಯಲ್ಲಿ ಹತ್ತೊಂಬತ್ತು ಹೆಸರಿವೆ. ಗುಡಿಯಲ್ಲಿ ಅರ್ಚಕರು ಒಂದೊಂದನ್ನೂ ಓದುತ್ತಾರೆ. ಏಳನೆಯದು ಮೇಲಿನ ಮನೆಯದು, ನಾನು ಹುಟ್ಟಿದ, ಈಗ ಅವನಿರುವ ಮನೆ. ಹೊಸೊಯಾ ಬರೆದದ್ದನ್ನು ನಾನು ಅಳಿಸಲಾರೆ, ಇರಲಿ.


ಮೇ ೭, ಹೊಳೆಯ ಬದಿಯ ವಸತಿಗೃಹ

ಮೂವತ್ತು ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಫುಯೆಫುಕಿ ಹೊಳೆ ಬಲಗಡೆ, ಲಾರಿಗಳು ಎಡಗಡೆ. ಪೀಚ್ ತೋಟಗಳಲ್ಲಿ ಹೆಂಗಸರು ಏಣಿ ಹತ್ತಿ ಎಳೆಗಾಯಿ ಕಿತ್ತು ಬೀಳಿಸುತ್ತಿದ್ದರು. ಒಬ್ಬಳು ಮೇಲಿನಿಂದಲೇ “ಪೆಟ್ಟಿಗೇಲಿ ಏನಜ್ಜ, ಹಾವಾ?” ಎಂದು ಕೇಳಿದಳು. “ತೋಳ” ಅಂದೆ. “ಹಾಗಾದ್ರೆ ಈ ಕಡೆ ಬರ್ಬೇಡಿ, ನಮ್ಮನೆ ನಾಯಿಗೆ ಎದೆ ಸರಿ ಇಲ್ಲ” ಅಂದಳು.

ಅರವತ್ತಾರಕ್ಕೆ ಅಜ್ಜ ಅನ್ನಿಸಿಕೊಳ್ಳುವುದು ಹೊಸತೇನಲ್ಲ. ಆದರೂ ಏಣಿಯ ಮೇಲಿದ್ದವಳು ನನಗಿಂತ ಚಿಕ್ಕವಳೇನೂ ಆಗಿರಲಿಲ್ಲ.

ವಸತಿಗೃಹದ ಚಾಪೆಗಳು ಐದಾರು ವರ್ಷ ಹಳೆಯವು, ಬಿಸಿಲು ಬಿದ್ದ ಕಡೆ ಕಂದಾಗಿವೆ. ಅಂಚುಬಟ್ಟೆ ಹೊಲಿದವನಿಗೆ ಅವಸರವಿತ್ತು. ಆದರೆ ಹುಲ್ಲು ಮಾತ್ರ ಅಸಲಿ ಜೊಂಡು. ಕಾಲಿಟ್ಟ ಕೂಡಲೇ ತಿಳಿಯುತ್ತದೆ, ಕಣ್ಣು ಬೇಕಿಲ್ಲ.

ಮೇಲಿನ ಮನೆಯಲ್ಲೂ ಹಾಗೆಯೇ ತಿಳಿದದ್ದು. ಅಮ್ಮನ ವರ್ಷಾಂತಿಕದ ದಿನ ಎಂಟು ಚಾಪೆ ಹಿಡಿಸುವ ಮುಂದಿನ ಕೋಣೆಗೆ ಕಾಲಿಟ್ಟೆ. ಅಂಗಾಲಿಗೆ ಹುಲ್ಲು ಸಿಗಲಿಲ್ಲ, ಕಾಗದ ಸಿಕ್ಕಿತು. ಯಂತ್ರದಲ್ಲಿ ನೇಯ್ದ ಕಾಗದದ ಚಾಪೆ, ಹುಲ್ಲಿನ ಬಣ್ಣ ಬಳಿದದ್ದು. ಊರಿನ ಚಾಪೆಗಾರನ ಒಡಹುಟ್ಟಿದವನು ಪೇಟೆಯ ದೊಡ್ಡಂಗಡಿಯಿಂದ ಅದನ್ನು ತರಿಸಿ, ಅಪ್ಪ ತನ್ನ ಕೈಯಾರೆ ಹಾಸಿದ ಕೋಣೆಗೆ ಹಾಕಿಸಿದ್ದ. “ಹುಳ ಬೀಳಲ್ಲ, ಒರೆಸೋಕೂ ಸಲೀಸು” ಎಂದು ನೆಂಟರೆಲ್ಲರ ಮುಂದೆ ವಿವರಿಸಿದ. ನಾನು ಅಗರಬತ್ತಿ ಹಚ್ಚಿ, ನಮಸ್ಕಾರ ಮಾಡಿ, ಊಟಕ್ಕೆ ಕೂರದೆ ಹೊರಟು ಬಂದೆ. ಅದಾಗಿ ಹನ್ನೊಂದು ವರ್ಷ. ದಾರಿಯಲ್ಲಿ ಎದುರಾದರೆ ಅವನು ಆ ಕಡೆ ನೋಡುತ್ತಾನೆ, ನಾನು ಈ ಕಡೆ.

ಯಾಕೆ ಇಷ್ಟು ಬರೆದೆನೋ ಗೊತ್ತಿಲ್ಲ. ಊಟಕ್ಕೆ ಹೊತೊ ಶಾವಿಗೆಯ ಸಾರು ಬಡಿಸಿದ್ದರು, ಕುಂಬಳಕಾಯಿ ಜಾಸ್ತಿ. ಎಡಗಾಲಿನ ಕಿರುಬೆರಳಲ್ಲಿ ಬೊಬ್ಬೆ.


ಮೇ ೮, ಕೊನೆಯ ಹಳ್ಳಿ

ಇಡೀ ದಿನ ಏರು. ಮಧ್ಯಾಹ್ನ ಮಳೆ.

ಹರುನೊಗೆ ಫೋನ್ ಮಾಡಿದೆ. ಬೊಬ್ಬೆಗೆ ಏನು ಹಚ್ಚಿದಿರಿ ಅಂತ ಕೇಳಲಿಲ್ಲ. ಅವಳು ಕೇಳದೆ ಬಿಡುವವಳಲ್ಲ. “ನಾಳೆಯಿಂದ ಫೋನ್ ಮಾಡೋಕೆ ಹೋಗ್ಬೇಡಿ, ಸುಮ್ನೆ ಬ್ಯಾಟರಿ ಹಾಳು. ಗುಡಿ ಕೆಲಸ ಎಲ್ಲ ಮುಗಿಸಿ, ವಾಪಸ್ ಬಂದಾಗ ಮಾತಾಡೋಣ” ಅಂದಳು. ನಲವತ್ತು ವರ್ಷದಲ್ಲಿ ನನ್ನ ಬ್ಯಾಟರಿಯ ಬಗ್ಗೆ ಅವಳು ತಲೆ ಕೆಡಿಸಿಕೊಂಡದ್ದು ಇದೇ ಮೊದಲು.

ಸರಿ, ಮಾಡುವುದಿಲ್ಲ.


ಮೇ ೯, ಕಣಿವೆದಾರಿಯ ಗುಡಿಸಲು

ಕರಿಸಾಕಾ ಕಣಿವೆದಾರಿ ದಾಟಿದೆ. ನೆರಳಿನಲ್ಲಿ ಇನ್ನೂ ಹಿಮ ಇದೆ, ಕೊಳಕು ಹಿಮ. ಮೇಲೆ ಗಾಳಿ ಜೋರಿತ್ತು. ನೋಟ ಚೆನ್ನಾಗಿತ್ತು ಎಂದು ಎಲ್ಲರೂ ಹೇಳುತ್ತಾರೆ, ಇತ್ತು.

ತುದಿಯಲ್ಲಿ ಒಬ್ಬ ಹೆಂಗಸು ಕಲ್ಲಿನ ಮೇಲೆ ಕೂತು ಅನ್ನದ ಉಂಡೆ ತಿನ್ನುತ್ತಿದ್ದಳು. ಹೆಸರು ಶಿಗೆನೊ, ವಯಸ್ಸು ಎಪ್ಪತ್ತೆರಡು, ಗುಡಿಯ ಕೆಳಗಿನ ಹಳ್ಳಿಯವಳು. ನಮ್ಮ ಕಡೆಗೆ ಕೊಟ್ಟ ಮಗಳ ಮನೆಗೆ ಹೋಗಿ ಹಿಂದಿರುಗುತ್ತಿದ್ದಾಳೆ. “ರೈಲಲ್ಲಿ ಸುತ್ತಿ ಹೋದ್ರೂ ಐದು ಗಂಟೆ, ಬೆಟ್ಟ ಹತ್ತಿದ್ರೆ ಎರಡು ದಿನ. ರೈಲಲ್ಲಿ ಮಗಳು ಹೇಳಿದ ಮಾತೇ ನೆನಪಾಗ್ತಾ ಇರ್ತದೆ. ಬೆಟ್ಟದಲ್ಲಿ ಮೊಣಕಾಲು ಬಿಟ್ಟು ಬೇರೇನೂ ನೆನಪಾಗಲ್ಲ” ಅಂದಳು.

ನನ್ನ ಪೆಟ್ಟಿಗೆ ನೋಡಿದ ಕೂಡಲೇ ಅವಳಿಗೆ ಗೊತ್ತಾಯಿತು. “ಅಯ್ಯೋ, ಕೂಟದವ್ರಾ? ನಾನು ಚಿಕ್ಕೋಳಿದ್ದಾಗ ಇಂಥವ್ರು ಸಾಲುಗಟ್ಟಿ ಬರೋರು. ಈಗ ಎಲ್ಲರೂ ಬಸ್ಸಲ್ಲಿ ಬಂದು, ಐಸ್‌ಕ್ರೀಮ್ ತಿಂದು, ಫೋಟೋ ಹೊಡ್ಕೊಂಡು ಹೋಗ್ತಾರೆ. ನೀವು ಮನೇಲಿ ಏನು ಮಾಡ್ತೀರಿ?”

“ಚಾಪೆ ಹಾಕ್ತೀನಿ.”

“ಹಾಗಾದ್ರೆ ಚಾಪೆಯವ್ರೇ, ಈ ಉಂಡೆ ತಿನ್ನಿ. ಮಗಳು ಉಪ್ಪು ಜಾಸ್ತಿ ಹಾಕಿದಾಳೆ, ಒಬ್ಬಳೇ ತಿಂದು ಸಾಯೋದು ಬೇಡ.”

ಮೂರನೆಯ ದಿನಕ್ಕೆ ಒಬ್ಬರು ಮಾತಾಡುವವರು ಸಿಕ್ಕಿದ್ದು ಒಳ್ಳೆಯದೇ ಆಯಿತು. ಗುಡಿಸಲಿನಲ್ಲಿ ನೆಲ ಬರೀ ಹಲಗೆ. ಫೋನಿಗೆ ಸಿಗ್ನಲ್ ಇಲ್ಲ. ಚಿಕ್ಕಂದಿನಲ್ಲಿ ಮನೆಯಲ್ಲಿ ನಾನು ಚಾಪೆ ಹೊಲಿಯುವಾಗ ಒಡಹುಟ್ಟಿದ ಕಿಕುವೊ ದಾರ ಹಿಡಿದು ಕೂರುತ್ತಿದ್ದದ್ದು ಯಾಕೋ ಇಂದು ನೆನಪಾಯಿತು. ಅವನಿಗಾಗ ಹದಿನಾರು, ನನಗೆ ಎಂಟು. ಕೆಲಸ ಕಲಿಯಬೇಕಾದವನು ಅವನು, ಆದರೆ ಸೂಜಿ ಹಿಡಿದರೆ ಬೆರಳಿಗೇ ಚುಚ್ಚಿಕೊಳ್ಳುತ್ತಿದ್ದ. ಅಪ್ಪ ಬೈಯುವ ಮೊದಲೇ ಸೂಜಿಯನ್ನು ನನ್ನ ಕೈಗಿತ್ತು, ದಾರ ತಾನು ಹಿಡಿಯುತ್ತಿದ್ದ. ಕೊನೆಗೆ ಪುರಸಭೆಯ ಗುಮಾಸ್ತನಾದ, ಅಂಗಡಿ ನನ್ನದಾಯಿತು.

ಹಲಗೆ ತಣ್ಣಗಿದೆ. ಬೇಗ ಮಲಗುತ್ತೇನೆ.


ಮೇ ೧೦, ಗುಡಿಯ ಕೆಳಗಿನ ಕಣಿವೆ

ಇಳಿಜಾರಿನಲ್ಲಿ ಮೊಣಕಾಲು ನೊಂದವು. ಮಧ್ಯಾಹ್ನ ಎರಡಕ್ಕೆ ಕಣಿವೆ ಮುಟ್ಟಿದೆವು. ಶಿಗೆನೊ ಅಕ್ಕನ ಮನೆ ಇಲ್ಲೇ ಅರ್ಧ ಗಂಟೆಯ ದೂರ. ನಾಳೆ ತಾನೂ ಗುಡಿಗೆ ಬರುತ್ತೇನೆ, ಬೆಳಿಗ್ಗೆ ಏಳಕ್ಕೆ ಸೇತುವೆ ಹತ್ತಿರ ನಿಂತಿರಿ ಎಂದು ಹೇಳಿ ಹೋದಳು.

ವಸತಿಗೃಹದಲ್ಲಿ ಫೋನಿಗೆ ಸಿಗ್ನಲ್ ಸಿಕ್ಕಿತು. ಹರುನೊ ಫೋನ್ ಮಾಡಬೇಡಿ ಅಂದಿದ್ದಾಳೆ, ಆದ್ದರಿಂದ ಅಂಗಡಿಗೆ ಮಾಡಿದೆ. ತೆಪ್ಪೈ ಎತ್ತಿದ. ಮನೆಅಳಿಯನಾಗಿ ಬಂದು ಒಂಬತ್ತು ವರ್ಷವಾಯಿತು. ಕೈ ಕೂತಿದೆ, ಬಾಯಿ ಇನ್ನೂ ಕೂತಿಲ್ಲ.

“ಮಾವ! ಒಳ್ಳೇ ಟೈಮಿಗೆ ಮಾಡಿದ್ರಿ. ಒಂದು ವಿಷಯ ಕೇಳ್ಬೇಕಿತ್ತು.”

“ಶಾಲೆ ಸಭಾಂಗಣದ್ದು ಮುಗೀತಾ?”

“ಅದನ್ನ ಪಕ್ಕಕ್ಕಿಟ್ಟಿದೀನಿ, ಎಂಟು ಚಾಪೆ ಅರ್ಜೆಂಟ್ ಬಂದಿದೆ. ಪೂರ್ತಿ ಹೊಸ ಹುಲ್ಲು, ಒಳ್ಳೇದೇ ಹಾಕು ಅಂದಿದಾರೆ. ಏಳು ಆಯ್ತು. ಎಂಟನೇದಕ್ಕೆ ಮೂಲೇಲಿ ಕಚ್ಚು ತೆಗೀಬೇಕು ಮಾವ, ಅಲ್ಲಿ ಕಂಬ ಒಳಕ್ಕೆ ಬಂದಿದೆ. ನಾನು ಇಂಥದ್ದು ಮಾಡೇ ಇಲ್ಲ. ಕಂಬದ ಪಕ್ಕ ಎಷ್ಟು ಸಂದು ಬಿಡ್ಬೇಕು?”

ನಮ್ಮೂರಿನಲ್ಲಿ ಕೋಣೆಯೊಳಕ್ಕೆ ಕಂಬ ಬಂದಿರುವ ಮನೆ ಒಂದೇ, ಮೇಲಿನ ಮನೆ. ನೂರು ವರ್ಷದ ಹಿಂದೆ ಬಡಗಿ ಅಳತೆ ತಪ್ಪಿ ನಿಲ್ಲಿಸಿದ ಕಂಬ ಅದು. ಅದರ ಕಚ್ಚು ತೆಗೆದು ನಾನು ಕಲಿತೆ, ಅಪ್ಪನ ಕಣ್ಣೆದುರಿಗೆ, ಮೂರು ಸಲ ಕೆಡಿಸಿ. ಎಂಟು ಚಾಪೆಯ ಆ ಕೋಣೆಗೆ ಇದ್ದಕ್ಕಿದ್ದಂತೆ, ಮೇ ತಿಂಗಳಲ್ಲಿ, ಬೇರೆ ಕೆಲಸ ಪಕ್ಕಕ್ಕಿಟ್ಟು ಹೊಸ ಹುಲ್ಲು ಹಾಕಿಸುತ್ತಾರೆ ಅಂದರೆ ಆ ಮನೆಯಲ್ಲಿ ಮದುವೆ ಇರಬೇಕು, ಇಲ್ಲ ಸಾವಾಗಿರಬೇಕು. ಆ ಮನೆಯಲ್ಲಿ ಮದುವೆಗೆ ಯಾರೂ ಇಲ್ಲ.

“ಎರಡು ಕಾಗದದಷ್ಟು ಬಿಡು” ಅಂದೆ. “ಹುಲ್ಲು ಕತ್ತರಿಸೋ ಮುಂಚೆ ಒದ್ದೆ ಬಟ್ಟೆ ಒತ್ತು. ಅಂಚನ್ನ ಒಳಕ್ಕೆ ಮಡಚಿ ಕೈಯಲ್ಲೇ ಹೊಲಿ, ಮಿಶನ್ನಿಗೆ ಕೊಡ್ಬೇಡ.”

“ಸರಿ ಮಾವ.” ಆಮೇಲೆ ಅವನಿಗೆ ತಾನು ಏನು ಕೇಳಿದೆ ಅನ್ನುವುದು ತಲೆಗೆ ಹೋಯಿತು. ಹರುನೊ ಅವನ ಕೈಯಿಂದ ಫೋನ್ ಕಿತ್ತುಕೊಂಡಳು.

“ರೀ. ಎಲ್ಲಿದೀರಿ?”

“ಗುಡಿ ಕೆಳಗೆ. ನಾಳೆ ಹತ್ತುತೀನಿ.”

“ಹಾಂ. ಹತ್ತಿ.”

“ಏನಾದ್ರೂ ಹೇಳೋದಿದೆಯಾ?”

“ಏನೂ ಇಲ್ಲ” ಅಂದಳು.

ಹಾಗಾದರೆ ನನಗೆ ಯಾರೂ ಏನೂ ಹೇಳಿಲ್ಲ. ಸೂತಕ ಸುದ್ದಿ ಕಿವಿಗೆ ಬಿದ್ದ ದಿನದಿಂದ ಲೆಕ್ಕ, ಹಿರಿಯರು ಮಾಡಿಟ್ಟದ್ದೇ ಹಾಗೆ. ಅವರೆಲ್ಲ ಸೇರಿ ಬಾಯಿ ಕಟ್ಟಿಕೊಂಡಿರುವುದೂ ಅದಕ್ಕೇ. ನಾನು ನಾಳೆ ಒಳಗೆ ಹೋಗುತ್ತೇನೆ, ಅರ್ಚಕರು ಹೆಸರು ಓದುತ್ತಾರೆ, ರಕ್ಷೆ ಪೆಟ್ಟಿಗೆಗೆ ಬೀಳುತ್ತದೆ. ನಾಲ್ಕು ದಿನ ನಡೆದು ಹದಿನೈದಕ್ಕೆ ಊರು. ಕೂಟ ಉಳಿಯುತ್ತದೆ. ಆ ಹೊತ್ತಿಗೆ ಅಲ್ಲಿ ಎಲ್ಲ ಮುಗಿದಿರುತ್ತದೆ.

ಊಟಕ್ಕೆ ಹೊಳೆ ಮೀನು. ಅರ್ಧ ಬಿಟ್ಟೆ.


ಮೇ ೧೦, ಮತ್ತೆ

ವಸತಿಗೃಹದವರ ಕ್ಯಾಲೆಂಡರಿನಲ್ಲಿ ನಾಡಿದ್ದು, ಹನ್ನೆರಡನೆಯ ತಾರೀಖು, ತೊಮೊಬಿಕಿ. ಆ ದಿನ ಯಾರೂ ಹೆಣ ಎತ್ತುವುದಿಲ್ಲ, ಸತ್ತವರು ಜೊತೆಗೆ ಇನ್ನೊಬ್ಬರನ್ನು ಎಳೆದುಕೊಂಡು ಹೋಗುತ್ತಾರೆಂದು. ಸುಡುಗಾಡಿಗೂ ರಜೆ. ಹಾಗಾಗಿ ಹದಿಮೂರಕ್ಕೆ.

ಸುಮ್ಮನೆ ನೋಡಿದೆ, ಅಷ್ಟೆ.


ಮೇ ೧೧, ಗುಡಿಯ ಮುಂದಿನ ಬೆಂಚು

ಹತ್ತು ಮುಕ್ಕಾಲಿಗೆ ಬಸ್ಸು. ಇನ್ನೂ ಸಮಯವಿದೆ, ಕ್ರಮವಾಗಿ ಬರೆಯುತ್ತೇನೆ.

ಶಿಗೆನೊ ಅಕ್ಕ ಸೇತುವೆ ಹತ್ತಿರ ಕಾದಿದ್ದಳು. ಅರ್ಧ ದಾರಿಯವರೆಗೆ ಅವಳೇ ಮಾತಾಡಿದಳು, ನಾನು ಹೂಂಗುಟ್ಟಿದೆ. ಕೊನೆಗೆ ದಾರಿ ಮಧ್ಯೆ ನಿಂತುಬಿಟ್ಟಳು. “ಚಾಪೆಯವ್ರೇ, ನಿನ್ನೆ ಇದ್ದ ಮನುಷ್ಯ ಇವತ್ತಿಲ್ಲ. ಏನಾಯ್ತು?”

ಹೇಳಿದೆ. ಕಂಬದ ವಿಷಯ, ಕಚ್ಚಿನ ವಿಷಯ, ಕಾಗದದ ಚಾಪೆಯ ವಿಷಯ, ಎಲ್ಲ. ಹೇಳುತ್ತಾ ಹೋದ ಹಾಗೆ ಕಾಗದದ ಚಾಪೆಯ ಭಾಗ ಬಹಳ ಚಿಕ್ಕದಾಗಿ ಕೇಳಿಸಿತು. ಮನೆಯಲ್ಲಿ ಹೇಳುವಾಗ ಅದು ಇಷ್ಟು ಚಿಕ್ಕದಿರಲಿಲ್ಲ.

ಅವಳು ನಗಲಿಲ್ಲ. “ನಿಮಗೆ ಯಾರೂ ಬಾಯಿಬಿಟ್ಟು ಹೇಳಿಲ್ಲ ಅಲ್ವಾ?”

“ಇಲ್ಲ.”

“ಹಾಗಾದ್ರೆ ಸೂತಕ ಇಲ್ಲ. ನಮ್ಮೂರು ಗುಡಿ ಕೆಳಗಿನ ಊರು, ನಮಗಿಂತ ಚೆನ್ನಾಗಿ ಇದನ್ನ ಯಾರೂ ಬಲ್ಲವರಿಲ್ಲ. ನಮ್ಮಮ್ಮ ಸತ್ತಾಗ ಹಬ್ಬ ಇತ್ತು ಅಂತ ನಮ್ಮಪ್ಪನಿಗೆ ಮೂರು ದಿನ ಹೇಳಿರ್ಲಿಲ್ಲ. ಪಕ್ಕದ ಕೋಣೇಲೇ ಇದ್ದ ಪುಣ್ಯಾತ್ಮ, ಯಾಕೆ ಅಡುಗೆ ಆಗಿಲ್ಲ ಅಂತ ಕೇಳಿರ್ಲಿಲ್ಲ. ಅವರೆಲ್ಲ ಅಷ್ಟು ಕಷ್ಟಪಟ್ಟು ಮುಚ್ಚಿಟ್ಟಿದಾರೆ, ನೀವು ಯಾಕೆ ಬಿಚ್ಚೋಕೆ ಹೋಗ್ತೀರಿ?”

“ಆದ್ರೆ ನನಗೆ ಗೊತ್ತಲ್ಲ.”

“ಗೊತ್ತಿದ್ರೇನು? ಹನ್ನೊಂದು ವರ್ಷ ಒಂದು ಮಾತಾಡಿಲ್ಲ. ಆಸ್ಪತ್ರೆಗೆ ಹೋಗಿಲ್ಲ. ಅಂಥೋನು ನಿಮಗೆ ಅದೆಂಥ ಅಣ್ಣ? ಸುಮ್ನೆ ಒಳಗೆ ಬನ್ನಿ, ನಿಮ್ಮ ಕೂಟ ಉಳೀಲಿ.”

ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ತಪ್ಪು ಲೆಕ್ಕವೂ ಅಲ್ಲ. ಇಬ್ಬರೂ ಮೇಲಕ್ಕೆ ಹತ್ತಿದೆವು.

ಗುಡಿಯ ಹೆಬ್ಬಾಗಿಲಿನ ಕಂಬಗಳು ಬಿಳಿ. ಎರಡೂ ಪಕ್ಕ ಕಲ್ಲಿನ ತೋಳಗಳು, ಒಂದರ ಕಿವಿ ಮುರಿದಿದೆ. ಶಿಗೆನೊ ಅಕ್ಕ ತಲೆಬಾಗಿ ಒಳಗೆ ಹೋದಳು. ನಾನು ಟೋಪಿ ತೆಗೆದೆ, ತಲೆಬಾಗಿದೆ, ನಿಂತೆ. ಹಿಂದಿನಿಂದ ಬಂದ ಒಂದು ಸಂಸಾರ ನನ್ನನ್ನು ಬಳಸಿಕೊಂಡು ಹೋಯಿತು. ಅವರಾದ ಮೇಲೆ ಇನ್ನೊಂದು.

ಒಳಗೆ ಹೋಗಲು ನಾನು ಒಂದೇ ಒಂದು ಮಾತು ಒಪ್ಪಬೇಕಿತ್ತು: ಸತ್ತವನು ನನಗೆ ಯಾರೂ ಅಲ್ಲ. ಹನ್ನೊಂದು ವರ್ಷ ಅದನ್ನು ಒಪ್ಪಿಕೊಂಡೇ ಉಂಡಿದ್ದೇನೆ, ಮಲಗಿದ್ದೇನೆ, ಯಾವ ತೊಂದರೆಯೂ ಆಗಿರಲಿಲ್ಲ. ಇವತ್ತು ಒಪ್ಪಲು ಆಗಲಿಲ್ಲ. ದುಃಖವಾಯಿತು. ಬೇರೆ ಮಾತಿನಲ್ಲಿ ಬರೆದು ಪ್ರಯೋಜನವಿಲ್ಲ, ಬಹಳ ದುಃಖವಾಯಿತು.

ಕಂಬದಿಂದ ಹತ್ತು ಹೆಜ್ಜೆ ಹಿಂದೆ ಬಂದು, ಈ ಬೆಂಚಿನ ಮೇಲೆ ಪೆಟ್ಟಿಗೆ ಇಟ್ಟು, ಹರುನೊಗೆ ಫೋನ್ ಮಾಡಿದೆ.

“ಈಗ ಹೇಳು” ಅಂದೆ.

“ಒಳಗೆ ಹೋಗಿ ಬಂದ್ರಾ?”

“ಇಲ್ಲ. ಹೊರಗಿದೀನಿ. ಹೇಳು.”

ಅವಳು ಅತ್ತಳು. ಅವಳು ಅಳುವುದು ಅಪರೂಪ. “ಮೊನ್ನೆ ಬೆಳಿಗ್ಗೆ ಹೋದ್ರು ಕಣ್ರೀ. ನೀವು ಬೆಟ್ಟದ ಮೇಲಿದ್ರಿ. ಒಳಕೋಣೇಲಿ ಮಲಗಿಸಿದಾರೆ. ಹದಿಮೂರಕ್ಕೆ ಎತ್ತೋದು.”

“ಮುಂದಿನ ಕೋಣೆಗೆ ಹುಲ್ಲು ಹಾಕಿ ಅಂದಿದ್ದು ಯಾರು? ಅತ್ತಿಗೇನಾ?”

“ಭಾವನವ್ರೇ. ಎಂಟನೇ ತಾರೀಖು ನಾನು ಹೋಗಿದ್ದೆ. ಪೂರ್ತಿ ಎಚ್ಚರ ಇತ್ತು. ಸೆಯಿಕಿಚಿ ಎಲ್ಲಿ ಅಂದ್ರು. ಗುಡಿಗೆ ಹೊರಟಿದಾರೆ, ವಾಪಸ್ ಕರೆಸ್ಲಾ ಅಂದೆ. ಬೇಡ ಅಂದ್ರು. ‘ಹೇಳ್ಬೇಡ ಅವನಿಗೆ. ಹೇಳಿದ್ರೆ ಹೊರಗೆ ನಿಂತ್ಕೋತಾನೆ. ನನಗೋಸ್ಕರ ಅವನು ಹೊರಗೆ ನಿಲ್ಲೋದು ಬೇಡ’ ಅಂದ್ರು. ಅದಕ್ಕೇ ರೀ ನಾನು...”

ಮುಂದೆ ಏನು ಹೇಳಿದಳೋ ನಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಅಣ್ಣ ಹಾಗೆ ಅಂದುಕೊಂಡಿದ್ದ. ನಾನು ಹೊರಗೆ ನಿಲ್ಲುತ್ತೇನೆ ಎಂದು ಅವನಿಗೆ ಅನುಮಾನವೇ ಇರಲಿಲ್ಲ. ನನಗೆ ಇವತ್ತು ಬೆಳಿಗ್ಗೆವರೆಗೂ ಇತ್ತು.

“ಸಂಜೆಗೆ ಬರ್ತೀನಿ, ಬಸ್ಸಲ್ಲಿ” ಅಂದೆ. “ಹೊಸೊಯಾ ಅವರಿಗೆ ಹೇಳ್ಬಿಡು. ಬೈತಾರೆ, ಬೈಲಿ. ಎಂಟನೇ ಚಾಪೇನ ತೆಪ್ಪೈ ಮುಟ್ಟೋದು ಬೇಡ.”

ಶಿಗೆನೊ ಅಕ್ಕ ನನ್ನನ್ನು ಹುಡುಕಿಕೊಂಡು ಹೊರಗೆ ಬಂದಳು. ನೋಡಿದ ಕೂಡಲೇ ಅವಳಿಗೆ ಅರ್ಥವಾಯಿತು. ಪಕ್ಕದಲ್ಲಿ ಕೂತಳು. “ನಾನು ಬಾಯಿಗೆ ಬಂದಿದ್ದು ಅಂದುಬಿಟ್ಟೆ” ಅಂದಳು. ಪರವಾಗಿಲ್ಲ ಅಂದೆ. ನಿಜಕ್ಕೂ ಅವಳು ಹಾಗೆ ಅನ್ನದಿದ್ದರೆ ನಾನು ಒಳಗೆ ಹೋಗಿಬಿಡುತ್ತಿದ್ದೆನೇನೋ.

ಪಟ್ಟಿಯನ್ನು ಅವಳ ಕೈಗೆ ಕೊಟ್ಟೆ. ಪೆಟ್ಟಿಗೆಯನ್ನು ನಾನು ಕೊಡಲಿಲ್ಲ, ಬೆಂಚಿನ ಮೇಲಿದ್ದದ್ದನ್ನು ಅವಳೇ ಎತ್ತಿಕೊಂಡಳು. ಕೈಯಿಂದ ಕೈಗೆ ದಾಟಿಸಬಾರದು ಎಂದು ಇಬ್ಬರಿಗೂ ತಾನಾಗಿಯೇ ಹೊಳೆಯಿತು. ಅವಳು ಪಟ್ಟಿ ಬಿಡಿಸಿ ನೋಡಿ, “ಇದರಲ್ಲಿ ಯಾವುದು ಅವರ ಮನೆ?” ಎಂದು ಕೇಳಿದಳು.

“ಏಳನೇದು. ಮೊರೊಝುಮಿ ಕಿಕುವೊ. ಓದಿಸ್ಬಾರದು, ಸೂತಕದ ಮನೆ.”

“ಮತ್ತೆ ಹನ್ನೊಂದನೇದೂ ಮೊರೊಝುಮಿನೇ, ಅದು ನಿಮ್ಮದಲ್ವಾ, ಅದನ್ನೂ ಓದಿಸೋ ಹಾಗಿಲ್ಲ.”

“ಹೌದು. ಎರಡೂ ಬಿಡಿ.” ಎರಡು ಹೆಸರಿಗೂ ಒಂದೊಂದು ಗೆರೆ ಹೊಡೆದುಕೊಟ್ಟೆ. ಹದಿನೇಳು ಉಳಿದವು.

ಅವಳು ಒಳಗೆ ಹೋಗಿ ಬಹಳ ಹೊತ್ತಾದ ಮೇಲೆ ಅರ್ಚಕರೊಬ್ಬರು ಹೊರಗೆ ಬಂದರು. ನಲವತ್ತರ ಆಸುಪಾಸು, ಕೈಯಲ್ಲಿ ದೊಡ್ಡ ಪುಸ್ತಕ. ನನ್ನಿಂದ ಒಂದು ಚಾಪೆಯಷ್ಟು ದೂರ ನಿಂತರು. ಹೆಸರುಗಳನ್ನು ಓದಿ ಆಯಿತು ಎಂದರು. ಹಳೆಯ ರಕ್ಷೆಯನ್ನು ಒಪ್ಪಿಸಿಕೊಂಡಿದ್ದೇವೆ, ಹೊಸದನ್ನು ನಿಮ್ಮ ಕೈಗೆ ಕೊಡುವಂತಿಲ್ಲ, ನಿಮ್ಮೂರಿನಿಂದ ಇನ್ನೊಬ್ಬರು ನಡೆದು ಬಂದು ಒಯ್ಯಲಿ ಎಂದರು.

“ಬರೋರು ಯಾರಾದ್ರೂ ಇದ್ರೆ ಬರ್ತಾರೆ” ಅಂದೆ. “ಇರೋದು ಅನುಮಾನ.”

“ಬರೋವರೆಗೂ ತೋಳ ಇಲ್ಲೇ ಇರ್ತದೆ. ಅದಕ್ಕೇನು ಅವಸರ ಇಲ್ಲ.” ಪುಸ್ತಕ ಬಿಡಿಸಿದರು. “ಇದರಲ್ಲಿ ಕಾರಣ ಬರ್ಕೋಬೇಕು. ತೀರಿಕೊಂಡವ್ರು ನಿಮಗೆ ಏನಾಗ್ಬೇಕು?”

“ಅಣ್ಣ” ಅಂದೆ.

“ಸ್ವಂತ ಅಣ್ಣನಾ? ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳನ್ನೂ ಜನ ಅಣ್ಣ ಅಂತಾರೆ, ಆಗ ಮೂರೇ ದಿನ ಸೂತಕ. ಅದಕ್ಕೇ ಕೇಳಿದೆ.”

“ಸ್ವಂತ ಅಣ್ಣ. ಒಂದೇ ತಾಯಿ, ಒಂದೇ ಮನೆ.”

“ಹಾಗಾದ್ರೆ ಇಪ್ಪತ್ತು ದಿನ” ಎಂದು ಅವರು ಬರೆದುಕೊಂಡರು.

“ಬರೀ ಇಪ್ಪತ್ತೇನಾ?” ಎಂದು ಕೇಳಿದೆ.